ಬ್ಯಾಟರಿ ಚೀಲದ ಇನ್ಸ್‌ಪೆಕ್ಟರರು

ಅವರ ಹೆಸರನ್ನು ನಾನು ಇಲ್ಲಿ ಹಾಕುವುದಿಲ್ಲ. ತಮ್ಮ ಹೆಸರು ಯಾವುದಾದರೂ ಕಾಗದದ ಮೇಲೆ ಕಂಡರೆ, ಇದನ್ನು ಬರೆದವರು ಯಾರು, ಅವರಿಗೆ ನನ್ನ ಹೆಸರು ಏಕೆ ಬೇಕಾಯಿತು ಎಂದು ಮೊದಲು ಕೇಳುವ ಮನುಷ್ಯ ಅವರು. ತೀರಿಕೊಂಡರೆಂಬ ಸುದ್ದಿ ಹೋದ ತಿಂಗಳು ಬಂತು. ಸುದ್ದಿ ತಂದವರನ್ನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ. ಅವರ ಜೊತೆ ಕೆಲಸ ಮಾಡಿದವರಿಗೆ ಈ ರೂಢಿ ಅಂಟಿಕೊಳ್ಳುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ತಿಕೋಟಾ ಸೀಮೆಯ ಒಂದು ಸಣ್ಣ ಸರಕಾರಿ ದವಾಖಾನೆಯಲ್ಲಿ ನಾನು ನರ್ಸು, ಅವರು ಹೆಲ್ತ್ ಇನ್ಸ್‌ಪೆಕ್ಟರು. ಹೆಂಡತಿ ತೀರಿಹೋಗಿ ಬಹಳ ದಿನವಾಗಿತ್ತು. ಮನೆಯಲ್ಲಿ ಅವರು ಮತ್ತು ಮಗಳು, ಇಬ್ಬರೇ. ದವಾಖಾನೆಯ ಹಿಂದಿನ ಎರಡು ಕ್ವಾರ್ಟರ್ಸಿನಲ್ಲಿ ಒಂದು ಅವರದು, ಇನ್ನೊಂದು ನನ್ನದು. ನಡುವೆ ಒಂದು ಬೇವಿನ ಗಿಡ.

ಯಾವ ವಸ್ತುವನ್ನಾದರೂ ಅವರು ಮೊದಲು ನೋಡುವರು, ಆಮೇಲೆ ಮುಟ್ಟುವರು, ಕೊನೆಗೆ ಮುಟ್ಟಿದ ಬೆರಳನ್ನು ಮೂಸುವರು. "ಕಣ್ಣು ಮೋಸ ಮಾಡ್ತಾವ್ರಿ ಬಾಯಾರ, ಬೆರಳು ಮಾಡೂದಿಲ್ಲ" ಎಂದು ನನಗೆ ಹೇಳುತ್ತಿದ್ದರು. ನಮ್ಮ ಕಡೆ ನರ್ಸುಗಳನ್ನು ಆಗ ಬಾಯಾರು ಎಂದೇ ಕರೆಯುತ್ತಿದ್ದರು. ಬಸ್ಸಿನಲ್ಲಿ ಅವರ ಜಾಗ ಡ್ರೈವರನ ಹಿಂದೆ. ಕನ್ನಡಿಯಲ್ಲಿ ಡ್ರೈವರನ ಕಣ್ಣು ಕಾಣುತ್ತದೆ, ಅವನು ತೂಕಡಿಸುತ್ತಿದ್ದಾನೋ ಇಲ್ಲವೋ ತಿಳಿಯುತ್ತದೆ ಎಂದು. ಚಹಾದಂಗಡಿಯಲ್ಲಿ ಒಲೆಯ ಪಕ್ಕಕ್ಕೇ ನಿಂತು, ಪುಡಿ ಬೀಳುವುದನ್ನೂ ಹಾಲು ಬೀಳುವುದನ್ನೂ ನೋಡಿ, ಕೊನೆಗೆ ಕುಡಿಯದೆ ಬರುತ್ತಿದ್ದರು. ಮದುವೆಗೆ ಹೋದರೆ ಆಹೇರಿನ ಉಡುಗೊರೆ ಕೊಟ್ಟು, "ಇವತ್ತು ನಂದು ಒಪ್ಪತ್ತು" ಎಂದು ಊಟ ತಪ್ಪಿಸಿಕೊಳ್ಳುತ್ತಿದ್ದರು. ಮದುವೆ ಯಾವ ವಾರ ಬಂದರೂ ಅದೇ ಅವರ ಒಪ್ಪತ್ತಿನ ವಾರ. ಅವರು ಅನುಮಾನವಿಲ್ಲದೆ ಉಣ್ಣುತ್ತಿದ್ದದ್ದು ಮಗಳು ಬಡಿದ ರೊಟ್ಟಿಯನ್ನು ಮಾತ್ರ.

ನಾನೂ ಸುಲಭವಾಗಿ ನಂಬುವವಳಲ್ಲ. ಕುದಿಸಿ ಇಟ್ಟ ಸಾಮಾನನ್ನೂ ಇಕ್ಕಳದಿಂದಲೇ ಎತ್ತಬೇಕೆಂದು ಕಲಿಸಿದ ಸಾಲಿಯಲ್ಲಿ ಓದಿದವಳು. ಆದರೆ ನನ್ನದು ಕೆಲಸದ ಹೊತ್ತಿನ ಅನುಮಾನ. ಅವರದಕ್ಕೆ ರಜೆಯೇ ಇರಲಿಲ್ಲ.

ಮಲೇರಿಯಾ ಕೆಲಸದವರು ಮನೆಮನೆಗೆ ಹೋಗಿ, ಜ್ವರ ವಿಚಾರಿಸಿ, ಬಂದುಹೋದ ತಾರೀಖನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಬರೆಯಬೇಕಿತ್ತು. ಇನ್ಸ್‌ಪೆಕ್ಟರರು ಆ ತಾರೀಖುಗಳನ್ನು ಓದಿ ಸುಮ್ಮನಾಗುತ್ತಿರಲಿಲ್ಲ. ಬೆರಳು ಒದ್ದೆ ಮಾಡಿಕೊಂಡು ಒಂದೊಂದನ್ನೂ ತಿಕ್ಕುವರು. ಹಳೆಯ ಖಡು ಗೋಡೆ ಹಿಡಿದಿರುತ್ತದೆ, ಹೊಸದು ಬೆರಳಿಗೆ ಬರುತ್ತದೆ. ಬಬಲೇಶ್ವರದ ಕಡೆಯ ಒಂದು ಹಳ್ಳಿಯಲ್ಲಿ ಮೇಲಿನ ತಾರೀಖೂ ಕೆಳಗಿನ ತಾರೀಖೂ ಒಂದೇ ಸಮನೆ ಬೆರಳಿಗೆ ಬಂದವು. ಕೆಲಸದವನು ಎಲ್ಲವನ್ನೂ ಒಂದೇ ದಿನ ಕೂತು ಬರೆದಿದ್ದ. ಅವರ ಅನುಮಾನ ಹೀಗೆ ಆಗಾಗ ನಿಜವಾಗುತ್ತಿತ್ತು. ಅವರು ಕೆಟ್ಟದ್ದೇ ಅದರಿಂದ.

ಅದೇ ವರ್ಷ ಮಗಳಿಗೆ ಹೊನವಾಡದಿಂದ ಸಂಬಂಧ ಬಂತು. ಹೊಲ ಇತ್ತು, ಸಣ್ಣದೊಂದು ದ್ರಾಕ್ಷಿ ತೋಟ ಇತ್ತು, ಹುಡುಗ ಮ್ಯಾಟ್ರಿಕ್ ಮುಗಿಸಿ ತೋಟ ನೋಡಿಕೊಳ್ಳುತ್ತಿದ್ದ. ಹುಡುಗಿ ನೋಡಲು ಬಂದವನು, ಎಲ್ಲರೂ ಕೇಳುವ ಪ್ರಶ್ನೆ ಕೇಳದೆ, "ನಮ್ಮ ಅಡಗಿಮನ್ಯಾಗ ಹೊಗಿ ಭಾಳ. ಕಿಡಕಿ ಒಡಸಬೇಕಂತೀನಿ. ಯಾವ ಗ್ವಾಡಿಗೆ ಇದ್ರ ಚಲೋ?" ಎಂದು ಕೇಳಿದನಂತೆ. ಮಗಳು ಮರುದಿನ ನನ್ನ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ಇದನ್ನು ಹೇಳಿದಳು. ಹೇಳಿದ ರೀತಿಯಲ್ಲೇ ಅವಳ ಮನಸ್ಸು ನನಗೆ ತಿಳಿಯಿತು.

ಇನ್ಸ್‌ಪೆಕ್ಟರರು ಬೀಗರಾಗುವವರ ಬಗ್ಗೆ ಊರಲ್ಲೆಲ್ಲ ವಿಚಾರಿಸಿದರು. ತಪ್ಪು ಸಿಗಲಿಲ್ಲ. ಅದು ಅವರಿಗೆ ಸಮಾಧಾನ ತರಲಿಲ್ಲ. "ಒಂದಾದ್ರೂ ಇರಬೇಕಲ್ರಿ ಬಾಯಾರ. ಇಲ್ಲಂದ್ರ ಚಲೋತ್ನಾಗಿ ಮುಚ್ಚ್ಯಾರ ಅಂತ ಅರ್ಥ." ಹೀಗಿದ್ದೂ ಮಾತುಕತೆ ಮುಗಿದು, ನಿಶ್ಚಯದ ದಿನ ಗೊತ್ತು ಮಾಡುವುದಷ್ಟೇ ಉಳಿಯಿತು.

ಆ ಹೊತ್ತಿಗೆ ಇನ್ಸ್‌ಪೆಕ್ಟರರ ಕೆಲಸದ ಸುತ್ತಾಟ ನಿಡೋಣಿಯವರೆಗೂ ಬೆಳೆದು ಬಸ್ಸು ಸಾಲದಾಗಿತ್ತು. ಹುಡುಗನ ತಂದೆಯ ಹತ್ತಿರ ಒಂದು ಹಳೆಯ ವಿಲಾಯತಿ ಮೋಟರ್‌ಸೈಕಲ್ ಇತ್ತು. ಮೊಣಕಾಲು ಹಿಡಿದು ಅವರಿಗೆ ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ಸುಮ್ಮನೆ ಒಯ್ಯಿರಿ ಎಂದರು. ಪುಕ್ಕಟೆ ಬಂದದ್ದರ ಹಿಂದೆ ಏನೋ ಇರುತ್ತದೆಂದು ಇವರು ಹಟದಿಂದ ಕೊಂಡುಕೊಂಡರು.

ಗಾಡಿ ಬಂದ ದಿನ ಬೇವಿನ ನೆರಳಲ್ಲಿ ನಿಲ್ಲಿಸಿ, ನನ್ನ ಹತ್ತಿರದ ಇನಾಮೆಲ್ ತಾಟು ಇಸಕೊಂಡು, ಬಿಚ್ಚಿದ ನಟ್ಟುಗಳನ್ನು ಅದರಲ್ಲಿ ಹಾಕುತ್ತ, ಸಂಜೆಯವರೆಗೆ ತಪಾಸಣೆ ಮಾಡಿದರು. ಸೀಟಿನ ಹೊಲಿಗೆ ಬಿಟ್ಟಿತ್ತು. ಚೈನು ಸಡಿಲಿತ್ತು. ಬ್ಯಾಟರಿಯ ವಾಯರುಗಳೂ ಅದಲುಬದಲಾಗಿವೆ ಎಂದರು. ಎಲ್ಲವನ್ನೂ ತಮ್ಮ ಕೈಯಿಂದಲೇ ಸರಿಮಾಡಿಕೊಂಡರು. "ಹಿಂಗ ಇಟ್ಟಾರ ನೋಡ್ರಿ" ಎಂದು ನನಗೆ ತೋರಿಸಿದಾಗ ಮುಖದ ಮೇಲೆ ಸಣ್ಣ ಸಂತೋಷವಿತ್ತು. ಕೊನೆಗೂ ಬೀಗರಲ್ಲಿ ತಪ್ಪು ಸಿಕ್ಕಿತ್ತು.

ಅಂದಿನಿಂದ ಇನ್ನೊಂದು ಪದ್ಧತಿ ಸುರುವಾಯಿತು. ಗಾಡಿಯ ಬ್ಯಾಟರಿಯನ್ನು ಕಳ್ಳರು ಒಯ್ಯುತ್ತಾರೆಂದು ಯಾರೋ ಹೇಳಿದ್ದರು. ಇಳಿದ ಕೂಡಲೇ ಬ್ಯಾಟರಿ ಬಿಚ್ಚಿ, ದಪ್ಪ ಕ್ಯಾನ್ವಾಸಿನ ಚೀಲಕ್ಕೆ ಹಾಕಿ, ಹೆಗಲಿಗೆ ತೂಗಿಬಿಟ್ಟುಕೊಂಡು ನಡೆಯುವರು. ಹತ್ತುವ ಮುಂಚೆ ಮತ್ತೆ ಜೋಡಿಸುವರು. ಪಂಚಾಯತಿಯ ಸಭೆಯಲ್ಲೂ, ಲಸಿಕೆ ಹಾಕುವಲ್ಲೂ ಆ ಚೀಲ ಅವರ ತೊಡೆಯ ಮೇಲೆ. ಆಸಿಡ್ ತಾಗಿ ಎರಡು ಪ್ಯಾಂಟು ತೂತಾದವು. ಕಟ್ಟೆಯ ಮೇಲಿನ ಮುದುಕರು, "ಸಾಹೇಬ್ರ, ಗಾಡಿ ಗಾಲಿ ಎರಡೂ ಅಲ್ಲೇ ಬಿಟ್ಟೀರಲ್ಲ, ಅವಕ್ಕೂ ಚೀಲ ಹೊಲಸ್ರಿ" ಎಂದು ಕಾಡಿಸುತ್ತಿದ್ದರು. ಇವರು ನಿಂತು, ನಿಜಕ್ಕೂ ಒಮ್ಮೆ ಗಾಲಿಯ ಕಡೆ ನೋಡಿ ಮುಂದೆ ಹೋಗುತ್ತಿದ್ದರು.

ಗಾಡಿ ಬಹಳ ದಿನ ನಡೆಯಲಿಲ್ಲ. ಮೊದಲು ಹಾರ್ನು ಕೆಮ್ಮಿತು. ಆಮೇಲೆ ದೀಪ ಮಂಕಾಯಿತು. ಒಂದು ದಿನ ಬಬಲೇಶ್ವರ ದಾಟಿ ನಿಡೋಣಿ ದಾರಿಯಲ್ಲಿ ಎಂಜಿನ್ನೇ ನಿಂತಿತು. ಎತ್ತಿನ ಬಂಡಿಯಲ್ಲಿ ಗಾಡಿ ಹೇರಿಕೊಂಡು, ಎತ್ತುಗಳ ಮೇಲೂ ಒಂದು ಕಣ್ಣಿಟ್ಟು ಬಂದರು.

ಅವರೇ ವಿವರಿಸಿದ್ದರಿಂದ ನನಗೂ ಇಷ್ಟು ತಿಳಿಯಿತು. ಎಂಜಿನ್ನಿನ ಜೊತೆ ತಿರುಗಿ ಕರೆಂಟು ಮಾಡುವುದು ಡೈನಮೊ. ಆ ಕರೆಂಟು ಬ್ಯಾಟರಿ ತುಂಬಬೇಕು. ನಡುವೆ ಕಟ್‌ಔಟ್ ಎಂಬ ಡಬ್ಬಿ, ಬಾಗಿಲು ಕಾಯುವವನ ಹಾಗೆ. ಹೆಡ್‌ಲೈಟಿನ ಮೇಲೆ ಒಂದು ಮೀಟರು. ಅದರ ಮುಳ್ಳು ಬಲಕ್ಕೆ ಸರಿದರೆ ಬ್ಯಾಟರಿ ತುಂಬುತ್ತಿದೆ, ಎಡಕ್ಕೆ ಸರಿದರೆ ಬರಿದಾಗುತ್ತಿದೆ. ಇವರ ಗಾಡಿಯಲ್ಲಿ ಎಂಜಿನ್ ಜೋರು ಮಾಡಿದಷ್ಟೂ ಮುಳ್ಳು ಎಡಕ್ಕೆ ಬೀಳುತ್ತಿತ್ತು.

ಔಷಧಿ ತರಲು ನಾನು ವಿಜಾಪುರಕ್ಕೆ ಹೋದ ದಿನ, ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಅವರು ಗಾಡಿ ರಿಪೇರಿಯ ಮೆಹಬೂಬ ಮೇಸ್ತ್ರಿಯ ಅಂಗಡಿಯ ಮುಂದೆ ನಿಂತಿದ್ದರು. ಗಾಡಿ ಅಂಗಡಿಯೊಳಗೆ, ಬ್ಯಾಟರಿ ಚೀಲ ಹೆಗಲಲ್ಲಿ.

"ನನ್ನ ಬ್ಯಾಟರಿ ಹಾಕಿದ್ರ ಮುಳ್ಳು ಬಲಕ್ಕ ಹೊಕ್ಕೈತಿ ಸಾಹೇಬ್ರ" ಎಂದ ಮೇಸ್ತ್ರಿ. "ನೀವ ನೋಡಿದ್ರಿ. ಡೈನಮೊ ಚಲೋ ಐತಿ. ಕಟ್‌ಔಟಿನ ಪಾಯಿಂಟ್ ಸುಟ್ಟಿದ್ವು, ಉಜ್ಜಿ ಕೊಟ್ಟೀನಿ. ಯಾಕ ಸುಡ್ತಾವಂತ ತಿಳೀಬೇಕಂದ್ರ ನಿಮ್ಮ ಬ್ಯಾಟರಿ ಎರಡು ದಿನ ಇಲ್ಲೇ ಬಿಡ್ರಿ."

"ಬಿಟ್ರ ಒಳಗಿನ ಪ್ಲೇಟು ಹಂಗ ಇರ್ತಾವಂತ ಏನು ಗ್ಯಾರಂಟಿ?"

ಮೇಸ್ತ್ರಿ ಕೈ ಒರಸಿಕೊಂಡ. "ನೋಡ್ರಿ ಬಾಯಾರ. ನಿಮ್ಮಲ್ಲೆ ಪೇಶಂಟ್ ಬಂದು, ನಾಡಿ ಮಾತ್ರ ಮನ್ಯಾಗ ಇಟ್ಟು ಬಂದೀನಂದ್ರ ನೀವೇನು ಮಾಡ್ತೀರಿ?"

ನಾನು ನಕ್ಕೆ. ಇನ್ಸ್‌ಪೆಕ್ಟರರು ನಗಲಿಲ್ಲ. ಗಾಡಿಯನ್ನು ಗಲ್ಲಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ, ಮೇಸ್ತ್ರಿಗೆ ಬೆನ್ನು ಮಾಡಿ, ಬ್ಯಾಟರಿಯನ್ನು ತಾವೇ ಜೋಡಿಸಿದರು. ತಿಕೋಟಾ ಮುಟ್ಟುವುದರೊಳಗೆ ಮುಳ್ಳು ಮತ್ತೆ ಎಡಕ್ಕೆ.

ಅನುಮಾನ ಈಗ ಹೊಲ ಬದಲಿಸಿತು. ಮೇಸ್ತ್ರಿಯೂ ಹೊನವಾಡದವರೂ ಪರಿಚಯದವರಿರಬೇಕು. ಇಲ್ಲದಿದ್ದರೆ ಅವನ ಅಂಗಡಿಯಲ್ಲಿ ನೆಟ್ಟಗಿದ್ದ ಮುಳ್ಳು ಹೊರಗೆ ಬಂದಕೂಡಲೇ ಹೇಗೆ ತಿರುಗುತ್ತದೆ? ಕೆಟ್ಟ ಡೈನಮೊವನ್ನು ಗೊತ್ತಿದ್ದೇ ಕೊಟ್ಟಿದ್ದಾರೆ. "ಹನ್ನೆರಡು ವರ್ಷ ತೊಡಿ ಕೆಳಗ ಇದ್ದ ಗಾಡಿ ಬಗ್ಗೆ ಸುಳ್ಳು ಹೇಳಿದಾಂವ, ಮಗನ ಬಗ್ಗೆ ಖರೇ ಹೇಳ್ತಾನೇನು?" ನಿಶ್ಚಯದ ದಿನ ಕೇಳಲು ಹೊನವಾಡದಿಂದ ಬಂದವರಿಗೆ, ಗಾಡಿಯ ವಿಚಾರ ತೀರುವವರೆಗೆ ಹುಡುಗಿಯ ವಿಚಾರವಿಲ್ಲ ಎಂದು ಹೇಳಿ ಕಳಿಸಿದರು.

ಮಗಳು ಆ ದಿನ ನನ್ನ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. "ಬಾಯಾರ, ನನ್ನ ಮದುವಿ ಆ ಮುಳ್ಳಿನ ಕೈಯಾಗ ಹೋತು ನೋಡ್ರಿ. ಬಲಕ್ಕ ಹೋದ್ರ ಹೊನವಾಡ, ಎಡಕ್ಕ ಹೋದ್ರ ಇಲ್ಲೇ ರೊಟ್ಟಿ."

ನನಗೆ ಆಗಲೇ ಬೇರೊಂದು ಅನುಮಾನ ಇತ್ತು. ಮಗಳು ಹೋದರೆ ಅವರು ಯಾರ ಕೈಯದು ಉಣ್ಣಬೇಕು? ಮನೆ ಖಾಲಿಯಾಗುವ ಭಯಕ್ಕೆ ಡೈನಮೊ ನೆವವಾಗಿ ಸಿಕ್ಕಿದೆಯೇನೋ. ಬಾಯಿಗೆ ಬಂದದ್ದನ್ನು ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಬೆಳಿಗ್ಗೆ ರಜಿಸ್ಟರಿಗೆ ಸಹಿ ಮಾಡುವಾಗ ಅವರಿಗೇ ಹೇಳಿದೆ: "ಕೆಟ್ಟಿರೂದು ಗಾಡಿ ಅಲ್ರಿ. ನಿಮಗ ಮಗಳ್ನ ಕಳಸಾಕ ಮನಸ್ಸಿಲ್ಲ."

ಅವರು ಸಹಿಯ ಕೆಳಗೆ ಗೆರೆ ಎಳೆದರು. ಎದ್ದು ಹೋಗಿ ಕುಡಿಯುವ ನೀರಿನ ಫಿಲ್ಟರಿನ ನಲ್ಲಿ ಸೋರುತ್ತದೆಯೇ ಎಂದು ಬಹಳ ಹೊತ್ತು ನೋಡುತ್ತ ನಿಂತರು.

ಒಂದು ಭಾನುವಾರ ಬೆಳಿಗ್ಗೆ ಹುಡುಗನ ತಂದೆ ಒಬ್ಬರೇ ಬಸ್ಸಿಳಿದು ಬಂದರು. ದೊಡ್ಡ ಆಳು, ತಲೆಗೆ ರುಮಾಲು, ಕೈಯಲ್ಲಿ ಕೋಲು.

"ನಮಸ್ಕಾರ್ರಿ ಬೀಗರ. ನಮ್ಮ ಗಾಡಿಗೆ ಆರಾಮಿಲ್ಲಂತ ಕೇಳಿದೆ. ಮಾತಾಡಿಸಿ ಹೋಗೂಣಂತ ಬಂದೆ."

"ಇನ್ನೂ ಬೀಗರಾಗಿಲ್ರಿ ನಾವು."

"ಆತು ಬಿಡ್ರಿ. ಆಗೂತನಕ ಗಾಡಿ ಮಾರಿದಾಂವ ಅನ್ರಿ."

ಇನ್ಸ್‌ಪೆಕ್ಟರರು ಅವರನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದರು. ನಾನು ಕಟ್ಟೆಯ ಮೇಲೆ ಬ್ಯಾಂಡೇಜ್ ಸುತ್ತುತ್ತ ಕೂತಿದ್ದೆ. ಮಗಳು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಳು. ಇವರು ಚೀಲದಿಂದ ಬ್ಯಾಟರಿ ತೆಗೆದು, ಜಾಗಕ್ಕೆ ಇಟ್ಟು, ಎರಡು ವಾಯರು ಬಿಗಿದರು. ಹಿರಿಯರು ಕೋಲಿನ ಮೇಲೆ ಭಾರ ಹಾಕಿ ಬಾಗಿ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ತಲೆ ಎತ್ತಿ ಇನ್ಸ್‌ಪೆಕ್ಟರರ ಮುಖ ನೋಡಿ, ಬಾಗಿಲಲ್ಲಿದ್ದ ಹುಡುಗಿಯನ್ನು ನೋಡಿ ಸುಮ್ಮನಾದರು.

ಗಾಡಿ ಚಾಲೂ ಆಯಿತು. ಜೋರು ಮಾಡಿದರು. ಮುಳ್ಳು ಎಡಕ್ಕೆ ಬಿತ್ತು.

"ನೋಡ್ರಿ" ಎಂದರು ಇನ್ಸ್‌ಪೆಕ್ಟರರು.

"ನೋಡಿದೆ. ತಪ್ಪು ನಂದೈತ್ರಿ" ಎಂದರು ಹಿರಿಯರು. "ಡೈನಮೊ ಮೊದಲಿಂದ ಹಂಗ ಇತ್ತು. ಹೇಳಬೇಕಾಗಿತ್ತು, ಹೇಳಲಿಲ್ಲ. ಗಾಡಿ ನಾನ ವಾಪಸ್ ಒಯ್ತೀನಿ. ಹುಡುಗರ ಮಾತಿಗೆ ಮಾತ್ರ ಇದನ್ನ ತಳಕು ಹಾಕಬ್ಯಾಡ್ರಿ."

ಚಹಾ ಕುಡಿದು, ಹುಡುಗಿಗೆ "ಬರ್ತೀನವ್ವಾ" ಎಂದು ಹೇಳಿ, ಮುಂದಿನ ಬಸ್ಸಿಗೇ ಹೋದರು.

ಮುಗಿಯಿತು ಎಂದುಕೊಂಡೆ. ಮೋಸವನ್ನು ಬಾಯಿಬಿಟ್ಟು ಒಪ್ಪಿಕೊಂಡವರ ಮನೆಗೆ ಈ ಮನುಷ್ಯ ಮಗಳನ್ನು ಕೊಟ್ಟಾರೆಯೆ? ಮಗಳ ಮುಖ ಕಪ್ಪಿಟ್ಟಿತ್ತು. ಇನ್ಸ್‌ಪೆಕ್ಟರರಾದರೋ ಗೆದ್ದವರ ಹಾಗೆ ಕಾಣಲಿಲ್ಲ. ಗಾಡಿಯ ಸುತ್ತ ತಿರುಗುತ್ತಲೇ ಇದ್ದರು.

"ಬಾಯಾರ, ಅಂವ ಯಾಕ ಒಪ್ಪಿಕೊಂಡ?"

"ಮಾಡಿದ್ದ, ಒಪ್ಪಿಕೊಂಡ."

"ಊಂಹೂಂ. ಇಷ್ಟು ವರ್ಷ ಮಂದೀನ ಹಿಡಿದೀನಿ. ಕೈಯಾಗ ಖಡು ಇದ್ದಾಗ ಹಿಡಿದ್ರೂ ಒಬ್ಬಾಂವ ಒಪ್ಪಿಲ್ಲ. ಇಂವ ಕೇಳೂದ್ರೊಳಗ ಒಪ್ಪಿದ. ಇದ್ರಾಗ ಏನೋ ಐತಿ." ಸ್ವಲ್ಪ ಹೊತ್ತಿನ ಮೇಲೆ, "ಅಂವ ಎಲ್ಲಿ ನೋಡಾಕತ್ತಿದ್ದ?" ಎಂದರು.

ಉತ್ತರ ಬಾಗಿಲಿನಿಂದ ಬಂತು. "ನಿಮ್ಮ ಕೈ ನೋಡಾಕತ್ತಿದ್ರು ಅಪ್ಪಾ. ವಾಯರ್ ಹಾಕೂ ಮುಂದ."

"ನನ್ನ ಕೈಯಾಗ ಏನೈತಿ?"

"ನನಗೇನು ಗೊತ್ತು? ಮೇಸ್ತ್ರಿ ಮ್ಯಾಲ ಅನುಮಾನ ಮಾಡಿದ್ರಿ, ಅವರ ಮ್ಯಾಲ ಮಾಡಿದ್ರಿ, ಬಾಯಾರ ಮ್ಯಾಲೂ ಮಾಡಿರಬೇಕು. ಆದ್ರ ಆ ಬ್ಯಾಟರಿಗೆ ಯಾರ ಕೈನೂ ಹತ್ತಗೊಟ್ಟಿಲ್ಲ ನೀವು." ಇಷ್ಟು ಹೇಳಿ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಅವರು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಎಷ್ಟೋ ಹೊತ್ತು ಕೂತರು. ಆಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿದು ಎರಡೂ ವಾಯರು ಬಿಚ್ಚಿದರು. ಗಾಡಿ ಬಂದ ದಿನ ಅದಲುಬದಲಾಗಿವೆ ಎಂದು ತಾವು ಸರಿಮಾಡಿದ್ದನ್ನು ತಿರುಗಿಸಿ, ಮೊದಲು ಹೇಗಿತ್ತೋ ಹಾಗೆ ಹಾಕಿದರು. ಕಟ್‌ಔಟಿನ ಪಾಯಿಂಟನ್ನು ಪಾಲಿಶ್ ಕಾಗದದಿಂದ ಉಜ್ಜಿದರು. ಕಿಕ್ ಹೊಡೆದರು. ಮುಳ್ಳು ನಡುವೆ ನಡುಗಿತು. ಜೋರು ಮಾಡಿದಾಗ ಬಲಕ್ಕೆ ಸರಿದು ನಿಂತಿತು.

"ಬಾಯಾರ, ನೀವೊಮ್ಮೆ ಬಂದು ನೋಡ್ರಿ. ಎಡಕ್ಕೋ, ಬಲಕ್ಕೋ?"

"ಬಲಕ್ಕ ಐತಿ."

ಅವರು ಎಂಜಿನ್ ಆರಿಸಿದರು. ಜಿಲ್ಲಾ ದವಾಖಾನೆಯ ಜೀಪಿನಲ್ಲಿ ಬ್ಯಾಟರಿಯ ಮೈನಸ್ ವಾಯರು ಗಾಡಿಯ ಮೈಗೆ ಹೋಗುತ್ತದೆ. ಅವರು ಅದುವರೆಗೆ ನೋಡಿದ್ದು ಅದೊಂದನ್ನೇ. ಈ ಹಳೆಯ ವಿಲಾಯತಿ ಗಾಡಿಗಳಲ್ಲಿ ಪ್ಲಸ್ ಮೈಗೆ ಹೋಗಬೇಕು. ಮೇಸ್ತ್ರಿ ತನ್ನ ಬ್ಯಾಟರಿಯನ್ನು ರೂಢಿಯಂತೆ ಸರಿಯಾಗಿ ಹಾಕುತ್ತಿದ್ದ. ಇವರು ಹೊರಗೆ ಬಂದು ಉಲ್ಟಾ ಹಾಕುತ್ತಿದ್ದರು. ಡೈನಮೊ ಒಂದು ಕಡೆ ಜಗ್ಗಿದರೆ ಬ್ಯಾಟರಿ ಇನ್ನೊಂದು ಕಡೆ ಜಗ್ಗುತ್ತಿತ್ತು, ನಡುವೆ ಪಾಯಿಂಟು ಸುಡುತ್ತಿತ್ತು. ಇದನ್ನೆಲ್ಲ ಅವರು ತಮಗೆ ತಾವೇ ಹೇಳಿಕೊಳ್ಳುವಂತೆ, ನನ್ನ ಕಡೆ ನೋಡದೆ ಹೇಳಿದರು.

ನಾನು ಅವರನ್ನೇ ನೋಡುತ್ತಿದ್ದೆ. ತಪ್ಪನ್ನು ಎದುರಿನವರು ತಮ್ಮ ಬಾಯಿಂದಲೇ ಹೊತ್ತುಕೊಂಡು ಹೋಗಿದ್ದಾರೆ. ಇವರು ಸುಮ್ಮನಿದ್ದರೆ ಸಾಕು. ಗಾಡಿ ವಾಪಸ್ ಹೋಗುತ್ತದೆ, ಸಂಬಂಧ ಮುರಿಯುತ್ತದೆ, ಮರ್ಯಾದೆ ಉಳಿಯುತ್ತದೆ, ಮಗಳೂ ಉಳಿಯುತ್ತಾಳೆ. ಸುಮ್ಮನಿರುತ್ತಾರೆ ಎಂದೇ ನನ್ನ ಅನುಮಾನ. ಅವರು ಒಳಗೂ ಹೋಗದೆ, ಯಾರಿಗೂ ಹೇಳದೆ, ಗಾಡಿ ಹತ್ತಿ ಹೊರಟುಬಿಟ್ಟರು. ಯಾವ ಕಡೆ ಎಂದು ಬೇವಿನ ಗಿಡದಿಂದ ಕಾಣುವುದಿಲ್ಲ. ಮಗಳು ಓಡಿಬಂದು, "ಎಲ್ಲಿಗೆ ಹೋದ್ರು?" ಎಂದಳು. "ಗೊತ್ತಿಲ್ಲ" ಎಂದೆ. ಮಧ್ಯಾಹ್ನದ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು.

ಹೊತ್ತು ಇಳಿಯುವಾಗ ಬಂದರು. ನಾನು ಹೆರಿಗೆ ಕೋಣೆಯ ಹೊರಗೆ, ಒಣಗಿದ ಕೈಗವಸುಗಳಿಗೆ ಪೌಡರ್ ಹಚ್ಚುತ್ತ ಕೂತಿದ್ದೆ. ನೇರವಾಗಿ ನನ್ನ ಹತ್ತಿರ ಬಂದು ನಿಂತರು.

"ಬಾಯಾರ, ಹೊನವಾಡದಾಂವ ಸುಳ್ಳು ಹೇಳ್ಯಾನ."

ಆ ಹುಡುಗಿಯ ಗತಿ ಮುಗಿಯಿತು ಎಂದುಕೊಂಡೆ.

"ನಾ ಉಲ್ಟಾ ಹಾಕೂದು ನೋಡಿದ್ದ. ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ತನ್ನ ಮ್ಯಾಲ ಹಾಕ್ಕೊಂಡ. ಹೊನವಾಡಕ್ಕ ಹೋಗಿ, ತಪ್ಪು ನಂದು ಅಂದೆ. ಸುಳ್ಳ ಯಾಕ ಹೇಳಿದ್ರಿ ಅಂತ ಕೇಳಿದೆ. ಏನಂದ ಗೊತ್ತೇನ್ರಿ? 'ಹುಡುಗಿ ಬಾಗಿಲದಾಗ ನಿಂತಿದ್ಲು. ಆಕಿ ಮುಂದ ಆಕಿ ಅಪ್ಪನ್ನ ಸಣ್ಣಾಂವ ಮಾಡಿ, ನಾಳೆ ಆಕೀನ ನಮ್ಮನಿಗೆ ಹೆಂಗ ಕರಕೊಂಡು ಬರ್ಲಿ' ಅಂದ."

ಅವರು ಕಟ್ಟೆಯ ಮೇಲೆ ಕೂತರು. ಕೂರುವ ಮುನ್ನ ಕಲ್ಲು ಒರಸಲಿಲ್ಲ.

"ಎಷ್ಟು ಸುಳ್ಳು ಹಿಡಿದೀನಿ ನಾನು. ತಮ್ಮ ಮ್ಯಾಲ ತಾವ ಹಾಕ್ಕೊಂಡ ಸುಳ್ಳು ಒಂದೂ ಸಿಕ್ಕಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡೀನಿ ದಾರಿತುಂಬ. ಅದರಾಗ ಏನೂ ಇಲ್ಲ." ಬೇವಿನ ಗಿಡದ ಕಡೆ ನೋಡಿದರು. "ಹುಣ್ಣಿವಿ ಮರುದಿನ ನಿಶ್ಚಯ ಅಂತ ಹೇಳಿ ಬಂದೀನಿ. ನೀವ ಹೋಗಿ ಆಕಿಗೆ ಹೇಳ್ರಿ. ನನಗ ಹೇಳಾಕ ಬರಂಗಿಲ್ಲ."

ನಾನು ಪೌಡರಿನ ಕೈ ತೊಳೆಯದೆಯೇ ಎದ್ದೆ. ಹಿಂದಿನಿಂದ ಅವರ ದನಿ ಬಂತು.

"ಮೆತ್ತಗ ಹೇಳ್ರಿ ಬಾಯಾರ. ಭಾಳ ಖುಷಿ ಆದ್ಲು ಅಂದ್ರ, ಅದನ್ನ ನನಗ ಹೇಳಬ್ಯಾಡ್ರಿ."